ಅಮ್ಮನ ಮಂಡಿ ಆಪರೇಷನ್: ರಕ್ತ ಹೆಪ್ಪುಗಟ್ಟದ ಹಾಗೆ ಹೊಸ ಔಷಧದ ಟ್ರಯಲ್ ಅಂತೆ, ಸಹಿ ಹಾಕಬಹುದಾ?

ನಗರ_ಹೋಬಳಿ

ಎಲ್ಲರಿಗೂ ನಮಸ್ಕಾರ. ವಿಷಯ ಗೊತ್ತಿರುವವರು ದಯವಿಟ್ಟು ಉತ್ತರ ಕೊಡಿ, ಸುಮ್ನೆ ಹೆದರಿಸಬೇಡಿ.

ನಮ್ಮದು ಹೊಸನಗರ ತಾಲೂಕು, ನಗರದ ಹತ್ತಿರ. ಅಮ್ಮನಿಗೆ 67. ಎರಡೂ ಮಂಡಿ ಸವೆದಿದೆ, ಬಲಗಾಲಿನದ್ದು ಜಾಸ್ತಿ. ಅಡಿಕೆ ಸುಲಿಯಲು ಕೂತರೆ ಎಬ್ಬಿಸಲು ಇಬ್ಬರು ಬೇಕು. ಕೊನೆಗೂ ಆಪರೇಷನ್‌ಗೆ ಒಪ್ಪಿದ್ದಾರೆ. ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಶುಗರ್ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ಬಿಪಿ ಸ್ವಲ್ಪ.

ಮೊನ್ನೆ ಚೆಕಪ್‌ಗೆ ಹೋದಾಗ ಡಾಕ್ಟರ ಜೊತೆ ಇನ್ನೊಬ್ಬರು ಬಂದು ಕೂತರು. ಮಂಡಿ ಬದಲಿಸಿದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ, ಅದಕ್ಕೆ ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್ ಕೊಡುತ್ತೇವೆ, ಈಗ ಹೊಸ ಔಷಧ ಒಂದು ಬಂದಿದೆ, ಆಪರೇಷನ್ ಆದ ಮೇಲೆ ಡ್ರಿಪ್‌ನಲ್ಲಿ ಒಂದೇ ಸಲ ಹಾಕಿದರೆ ಮುಗಿಯಿತು, ಅದರ ಟ್ರಯಲ್ ನಡೆಯುತ್ತಿದೆ, ನಿಮ್ಮ ತಾಯಿಯನ್ನೂ ಸೇರಿಸಬಹುದು ಅಂದರು. ಯಾರಿಗೆ ಹೊಸದು, ಯಾರಿಗೆ ಮಾಮೂಲಿ ಇಂಜೆಕ್ಷನ್ ಅಂತ ಕಂಪ್ಯೂಟರೇ ಚೀಟಿ ಎತ್ತುತ್ತದಂತೆ. ಹತ್ತು ದಿನ ಕಳೆದ ಮೇಲೆ ಕಾಲಿನ ರಕ್ತನಾಳಕ್ಕೆ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರಂತೆ. ಒಂದು ಕಟ್ಟು ಕಾಗದ ಕೊಟ್ಟಿದ್ದಾರೆ. ಕನ್ನಡದಲ್ಲೇ ಇದೆ, ಆದರೆ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ.

ಮನೆಯಲ್ಲಿ ಈಗ ಎರಡು ಪಕ್ಷ. ಅಪ್ಪ "ನಮ್ಮನ್ನ ಇಲಿ ಅಂದ್ಕೊಂಡಿದಾರೆ" ಅಂತ ಮುಖ ಗಂಟು ಹಾಕಿಕೊಂಡಿದ್ದಾರೆ. ಬೆಂಗಳೂರಿನ ಅಣ್ಣ ಫೋನಿನಲ್ಲೇ "ಔಷಧ ಫ್ರೀ, ಹೊಸದು ಅಂದ್ರೆ ಒಳ್ಳೇದೇ ಇರತ್ತೆ, ಸಹಿ ಹಾಕು" ಅನ್ನುತ್ತಾನೆ. ಅಪ್ಪನ ಮಾತೂ ಪೂರ್ತಿ ಸರಿ ಅನ್ನಿಸುತ್ತಿಲ್ಲ, ಅಣ್ಣನದ್ದೂ ಅಲ್ಲ. ನನಗಿರುವ ದೊಡ್ಡ ಚಿಂತೆ ಏನು ಅಂದರೆ ನಾವಿರುವುದು ಕಾಡಿನ ನಡುವೆ. ಹುಲಿಕಲ್ ಘಾಟಿ ಇಳಿದರೇ ಆ ಆಸ್ಪತ್ರೆ. ಮನೆಗೆ ಬಂದ ಮೇಲೆ ರಾತ್ರಿ ಏನಾದರೂ ಆದರೆ ಏನು ಮಾಡುವುದು?

---

ತುಂಗೆ_ದಡ

ಬೇಡ ಅಕ್ಕ. ಚೆನ್ನಾಗಿರುವ ಔಷಧ ಇರುವಾಗ ಹೊಸದನ್ನು ನಮ್ಮ ಮೈಮೇಲೆ ಯಾಕೆ ನೋಡಬೇಕು? ಫ್ರೀ ಅಂದ ಕೂಡಲೇ ಅನುಮಾನ ಪಡಬೇಕು. ನಿಮ್ಮ ಅಪ್ಪನ ಮಾತೇ ಸರಿ.

---

ಸಿಸ್ಟರ್_ಸಾಗರ

ನಾನು ಆರ್ಥೋ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು, ಈಗ ರಿಟೈರ್ಡ್. ಟ್ರಯಲ್ ಬಗ್ಗೆ ಹೇಳುವಷ್ಟು ನನಗೆ ತಿಳಿಯದು, ಬೇರೆಯವರು ಹೇಳಲಿ. ಆದರೆ ಮೊದಲು ಕಾಯಿಲೆ ಏನು ಅಂತ ಅರ್ಥ ಮಾಡಿಕೊಳ್ಳಿ, ಆಮೇಲೆ ಹೊಸದೋ ಹಳೆಯದೋ ಅನ್ನುವ ಮಾತು.

ಮಂಡಿ ಆಪರೇಷನ್‌ನಲ್ಲಿ ಮೂಳೆ ಕೊಯ್ಯುತ್ತಾರೆ, ಎಷ್ಟೋ ಕಡೆ ತೊಡೆಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿರುತ್ತಾರೆ, ಆಮೇಲೆ ಕಾಲು ಅಲ್ಲಾಡಿಸದೆ ಮಲಗಿರುತ್ತಾರೆ. ಗಾಯ ಆದ ಮೈ ರಕ್ತ ನಿಲ್ಲಿಸಲು ತಾನೇ ಹೆಪ್ಪುಗಟ್ಟಿಸುವ ಕೆಲಸ ಜೋರು ಮಾಡಿರುತ್ತದೆ. ಅದರ ಮೇಲೆ ಮೀನಖಂಡದ ಸ್ನಾಯು ಕೆಲಸ ಮಾಡದೆ ರಕ್ತ ಅಲ್ಲೇ ನಿಲ್ಲುತ್ತದೆ. ನಿಂತ ನೀರಿಗೆ ಪಾಚಿ ಕಟ್ಟಿದ ಹಾಗೆ ಅಲ್ಲಿ ಗಡ್ಡೆ ಕಟ್ಟುತ್ತದೆ. ಕಾಲಿನಲ್ಲೇ ಇದ್ದರೆ ಊತ, ನೋವು. ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅದಕ್ಕೇ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು.

ಹೊಟ್ಟೆಗೆ ಕೊಡುವ ಇಂಜೆಕ್ಷನ್ ಎನಾಕ್ಸಪ್ಯಾರಿನ್ ಅಂತ. ಸಾಮಾನ್ಯವಾಗಿ 40 ಮಿಲಿಗ್ರಾಂ, ದಿನಕ್ಕೊಂದು. ಹೆದರುವಂಥದ್ದೇನಿಲ್ಲ, ಮನೆಯಲ್ಲಿ ನೀವೇ ಕೊಡಬಹುದು. ಹೊಕ್ಕಳಿನಿಂದ ನಾಲ್ಕು ಬೆರಳು ಪಕ್ಕಕ್ಕೆ ಚರ್ಮವನ್ನು ಮಡಿಕೆಯಾಗಿ ಹಿಡಿದು ನೇರವಾಗಿ ಚುಚ್ಚಬೇಕು, ಔಷಧ ಪೂರ್ತಿ ಹೋಗುವ ತನಕ ಮಡಿಕೆ ಬಿಡಬಾರದು. ಸಿರಿಂಜಿನಲ್ಲಿ ಒಂದು ಗಾಳಿ ಗುಳ್ಳೆ ಕಾಣುತ್ತದೆ. ಪೂರ್ತಿ 40 ಕೊಡುವಾಗ ಅದನ್ನು ಹೊರಗೆ ಹಾಕಲು ಹೋಗಬೇಡಿ. ಔಷಧವೂ ಚೆಲ್ಲಿಹೋಗುತ್ತದೆ. ಚುಚ್ಚಿದ ಜಾಗ ಉಜ್ಜಬೇಡಿ, ಉಜ್ಜಿದರೆ ನೀಲಿ ಕಟ್ಟುತ್ತದೆ. ಇವತ್ತು ಎಡಕ್ಕೆ ಕೊಟ್ಟರೆ ನಾಳೆ ಬಲಕ್ಕೆ. ಇನ್ನೊಂದು ಮಾತು, ಇದನ್ನು ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ. ಕೆಲವು ಮನೆಗಳಲ್ಲಿ ಇದು ತಿಳಿದ ಮೇಲೆ ಬೇಡ ಅನ್ನುತ್ತಾರೆ. ಅಂಥವರು ಮೊದಲೇ ಹೇಳಿದರೆ ಡಾಕ್ಟರು ಮಾತ್ರೆ ಕೊಡಬಹುದು. ರಿವರೊಕ್ಸಬ್ಯಾನ್, ಎಪಿಕ್ಸಬ್ಯಾನ್ ಅಂತ ಇವೆ.

ಆಮೇಲೆ ಘಾಟಿ ವಿಷಯ ಹೇಳಿದಿರಲ್ಲ, ಅದು ಔಷಧದಷ್ಟೇ ಮುಖ್ಯ. ಡಿಸ್ಚಾರ್ಜ್ ಆದ ದಿನ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಿಚಿ ಕೂರಿಸಿ ಒಂದೇ ಉಸಿರಿಗೆ ಊರಿಗೆ ತರುವವರನ್ನು ಬಹಳ ನೋಡಿದ್ದೇನೆ. ಹಾಗೆ ಮಾಡಬೇಡಿ. ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿ ಕೂರಿಸಿ. ಮಧ್ಯೆ ನಿಲ್ಲಿಸಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿಸಿ. ದಾರಿಯುದ್ದಕ್ಕೂ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ನೀರು ಕುಡಿಯಲಿ. ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೇ ಕೂರುವ ಅಮ್ಮಂದಿರೇ ಜಾಸ್ತಿ.

---

ಕೊಪ್ಪದ_ಕಾಫಿ

ನಾನು ಕೆಲವು ವರ್ಷ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಆಗಿದ್ದೆ. ನಿಮ್ಮ ಹತ್ತಿರ ಬಂದು ಕೂತರಲ್ಲ "ಇನ್ನೊಬ್ಬರು", ಅದೇ ಕೆಲಸ. ಈಗ ಬಿಟ್ಟು ತೋಟ ನೋಡಿಕೊಂಡಿದ್ದೇನೆ, ಹಾಗಾಗಿ ಯಾರ ಪರವೂ ಮಾತಾಡಬೇಕಾಗಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ನೀವು ಹೇಳಿದ್ದು ನೋಡಿದರೆ ಇದು ಫ್ಯಾಕ್ಟರ್ 11 ಅನ್ನು ತಡೆಯುವ ಔಷಧದ ಗುಂಪಿನದ್ದು ಇರಬೇಕು. ಕಾಗದದಲ್ಲಿ ಆ ಹೆಸರು ಹುಡುಕಿ. ರಕ್ತ ಹೆಪ್ಪುಗಟ್ಟಲು ಒಂದರ ಹಿಂದೆ ಒಂದು ಕೆಲಸ ಮಾಡುವ ಪ್ರೋಟೀನ್‌ಗಳಿವೆ, ಅದರಲ್ಲಿ 11 ಅಂತ ಸಂಖ್ಯೆ ಕೊಟ್ಟಿರುವುದು ಇದಕ್ಕೆ. ಹುಟ್ಟಿನಿಂದಲೇ ಇದು ಕಮ್ಮಿ ಇರುವ ಜನ ಇದ್ದಾರೆ. ಅವರಿಗೆ ತಾನಾಗಿ ರಕ್ತಸ್ರಾವ ಆಗುವುದು ಅಪರೂಪ. ಹಲ್ಲು ಕೀಳಿಸಿದಾಗ, ಮೂಗು ಗಂಟಲಿನ ಆಪರೇಷನ್ ಆದಾಗ ಸ್ವಲ್ಪ ಜಾಸ್ತಿ ಸೋರಬಹುದು, ಅಷ್ಟೇ. ಆದರೆ ಕಾಲಿನಲ್ಲಿ ಗಡ್ಡೆ ಕಟ್ಟುವುದು ಅವರಲ್ಲಿ ಕಮ್ಮಿ. ಹಾಗಾದರೆ ಇದೊಂದನ್ನೇ ತಡೆದರೆ ಗಡ್ಡೆಯೂ ಕಟ್ಟುವುದಿಲ್ಲ, ರಕ್ತಸ್ರಾವವೂ ಜಾಸ್ತಿ ಆಗುವುದಿಲ್ಲ ಅಲ್ವಾ ಅನ್ನುವ ಆಸೆಯಿಂದ ಶುರುವಾದದ್ದು ಇದು. ಈಗಿರುವ ಎಲ್ಲ ಔಷಧಕ್ಕೂ ಇರುವ ಕೊರತೆ ಒಂದೇ, ಗಡ್ಡೆ ತಡೆಯಲು ಹೋದರೆ ರಕ್ತಸ್ರಾವ ಹೆಚ್ಚುತ್ತದೆ.

ಮೊದಲ ದೊಡ್ಡ ಸುದ್ದಿ 2015ರದ್ದು. 300 ಜನ ಮಂಡಿ ಆಪರೇಷನ್ ಪೇಷಂಟ್‌ಗಳ ಮೇಲೆ ನೋಡಿದರು. ಹೊಸ ಔಷಧದ ದೊಡ್ಡ ಡೋಸ್ ತಗೊಂಡವರಲ್ಲಿ 100ಕ್ಕೆ 4 ಜನರಿಗೆ ಗಡ್ಡೆ ಕಂಡಿತು, ಎನಾಕ್ಸಪ್ಯಾರಿನ್ ತಗೊಂಡವರಲ್ಲಿ 30 ಜನರಿಗೆ. ಆದರೆ ಆ ಔಷಧವನ್ನು ಆಪರೇಷನ್‌ಗೆ ಒಂದು ತಿಂಗಳಿಗೂ ಮೊದಲೇ ಶುರು ಮಾಡಬೇಕಿತ್ತು. ಯಾರಿಗೆ ಆಗುತ್ತದೆ ಹೇಳಿ? 2021ರಲ್ಲಿ ಇನ್ನೆರಡು ಬಂದವು. ಅಬೆಲಾಸಿಮ್ಯಾಬ್, ಆಪರೇಷನ್ ಆದ ಮೇಲೆ ಒಂದೇ ಡ್ರಿಪ್. 412 ಜನ. ದೊಡ್ಡ ಡೋಸಿನವರಲ್ಲಿ 100ಕ್ಕೆ 4, ಎನಾಕ್ಸಪ್ಯಾರಿನ್‌ನವರಲ್ಲಿ 22. ಇನ್ನೊಂದು ಮಿಲ್ವೆಕ್ಸಿಯಾನ್, ಇದು ಬಾಯಿಗೆ ತಗೊಳ್ಳುವಂಥದ್ದು. 1242 ಜನ. ದಿನಕ್ಕೆರಡು ಸಲ 200 ಮಿಲಿಗ್ರಾಂ ತಗೊಂಡವರಲ್ಲಿ 8, ಎನಾಕ್ಸಪ್ಯಾರಿನ್‌ನವರಲ್ಲಿ 21. ರಕ್ತಸ್ರಾವ ಎರಡೂ ಕಡೆ ಒಂದೇ, 100ಕ್ಕೆ 4.

ಇದನ್ನು ಓದಿ ನಿಮ್ಮ ಅಣ್ಣ ಕುಣಿಯುತ್ತಾರೆ. ಸ್ವಲ್ಪ ತಡೀರಿ.

100ಕ್ಕೆ 22 ಜನರಿಗೆ ಗಡ್ಡೆ ಅಂದರೆ ನಮ್ಮೂರಿನಲ್ಲಿ ಮಂಡಿ ಬದಲಿಸಿಕೊಂಡವರಲ್ಲಿ ಐವರಿಗೆ ಒಬ್ಬರು ಕಾಲು ಊದಿಸಿಕೊಂಡು ಮಲಗಿರಬೇಕಿತ್ತು ಅಲ್ವಾ? ಹಾಗೇನೂ ಕಾಣುವುದಿಲ್ಲ. ಯಾಕೆ ಅಂದರೆ ಈ ಗಡ್ಡೆಗಳಲ್ಲಿ ಹೆಚ್ಚಿನವು ಯಾವ ತೊಂದರೆಯನ್ನೂ ಕೊಡದೆ ಮೀನಖಂಡದ ಸಣ್ಣ ರಕ್ತನಾಳದಲ್ಲಿ ಹುಟ್ಟಿ ಅಲ್ಲೇ ಕರಗಿ ಹೋಗುತ್ತವೆ. ಟ್ರಯಲ್‌ನಲ್ಲಿ ಎಲ್ಲರ ಕಾಲಿಗೂ ಬಣ್ಣ ಬಿಟ್ಟು ಹುಡುಕುತ್ತಾರೆ, ಅದಕ್ಕೇ ಸಿಗುತ್ತವೆ. ನಿಮ್ಮ ಅಮ್ಮನಿಗೆ ಹೇಳಿದ ಹತ್ತನೇ ದಿನದ ಎಕ್ಸ್‌ರೇ ಅದೇ, ವೆನೋಗ್ರಾಮ್. ಹಾಗಾಗಿ 22 ಎಲ್ಲಿ, 4 ಎಲ್ಲಿ ಅಂತ ನೋಡಿ "ಹೊಸದು ಸಿಗದಿದ್ದರೆ ಅಮ್ಮನ ಗತಿ ಏನು" ಅಂತ ಗಾಬರಿ ಬೀಳಬೇಕಾಗಿಲ್ಲ. ಮಾಮೂಲಿ ಇಂಜೆಕ್ಷನ್ ಪಾಲಿಗೆ ಬಂದರೂ ಅವರಿಗೆ ಸಿಗುವುದು ಪೂರ್ತಿ ಚಿಕಿತ್ಸೆಯೇ.

ಮತ್ತೆ ಇದೆಲ್ಲ ಮಂಡಿಯವರ ಮೇಲೇ ಯಾಕೆ ನೋಡುತ್ತಾರೆ? ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಂಡಿ ಆಪರೇಷನ್ ಆದವರಲ್ಲಿ ಗಡ್ಡೆ ಬೇಗ ಕಟ್ಟುತ್ತದೆ, ಬಹಳ ಜನರಲ್ಲಿ ಕಟ್ಟುತ್ತದೆ. ಹತ್ತು ಹನ್ನೆರಡು ದಿನದಲ್ಲಿ, ಕೆಲವೇ ನೂರು ಜನರಲ್ಲಿ ಔಷಧ ಕೆಲಸ ಮಾಡುತ್ತದಾ, ಎಷ್ಟು ಡೋಸ್ ಬೇಕು ಅನ್ನುವುದು ಗೊತ್ತಾಗಿಬಿಡುತ್ತದೆ. ಕಂಪನಿಯ ಕಣ್ಣು ಇರುವುದು ಹೃದಯ ಬಡಿತ ಏರುಪೇರಾದವರು, ಪಾರ್ಶ್ವವಾಯು ಆದವರ ಕಡೆ, ಅವರು ವರ್ಷಗಟ್ಟಲೆ ತಗೊಳ್ಳುತ್ತಾರಲ್ಲ. ಮಂಡಿಯಲ್ಲಿ ಗೆದ್ದದ್ದು ಅಲ್ಲೂ ಗೆಲ್ಲುತ್ತದೆ ಅಂತೇನಿಲ್ಲ. ಇದೇ ಗುಂಪಿನ ಅಸುಂಡೆಕ್ಸಿಯಾನ್ ಅನ್ನು ಹೃದಯ ಬಡಿತದ ತೊಂದರೆ ಇರುವವರಲ್ಲಿ ಎಪಿಕ್ಸಬ್ಯಾನ್ ಜೊತೆ ಹೋಲಿಸಿ ನೋಡುತ್ತಿದ್ದರು. ಎಪಿಕ್ಸಬ್ಯಾನ್‌ನಷ್ಟು ತಡೆಯುತ್ತಿಲ್ಲ ಅಂತ ಗೊತ್ತಾಗಿ 2023ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರು. ಹಾಗಂತ ಮಂಡಿಯವರನ್ನು ಇಲಿ ಮಾಡಿದರು ಅಂತಲ್ಲ. ಅವರಿಂದ ಗೊತ್ತಾಗುವುದು ಅವರಿಗಿಂತ ಬೇರೆಯವರಿಗೇ ಜಾಸ್ತಿ ಉಪಯೋಗ, ಅದನ್ನು ತಿಳಿದುಕೊಂಡೇ ಸೇರಬೇಕು ಅಂತ ನನ್ನ ವಾದ.

ಈಗ ನಿಮ್ಮ ಚಿಂತೆಗೆ ಬರುತ್ತೇನೆ. ಒಂದೇ ಡ್ರಿಪ್ ಅನ್ನುವುದು ಕೇಳಲು ಚೆಂದ. ಆದರೆ ಆ ಥರದ ಔಷಧ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ, ಅದಕ್ಕೇ ಒಂದೇ ಸಲ ಸಾಕಾಗುವುದು. ಎನಾಕ್ಸಪ್ಯಾರಿನ್ ಹಾಗಲ್ಲ. ಮೂತ್ರಪಿಂಡ ಸರಿ ಇದ್ದರೆ ಇವತ್ತು ನಿಲ್ಲಿಸಿದರೆ ನಾಳೆಯ ಹೊತ್ತಿಗೆ ಅದರ ಪ್ರಭಾವ ಇಳಿಯುತ್ತದೆ, ತುರ್ತಿಗೆ ಪ್ರೋಟಮೈನ್ ಅನ್ನುವ ಔಷಧ ಕೊಟ್ಟು ಅದರ ಪ್ರಭಾವವನ್ನು ಸ್ವಲ್ಪ ಮಟ್ಟಿಗೆ ಇಳಿಸಲೂಬಹುದು. ಅಮ್ಮ ಮನೆಗೆ ಬಂದ ಮೇಲೆ ಬಾತ್‌ರೂಮಿನಲ್ಲಿ ಜಾರಿ ತಲೆಗೆ ಪೆಟ್ಟಾಯಿತು ಅಂದುಕೊಳ್ಳಿ. ಹೊಸನಗರದ ಆಸ್ಪತ್ರೆಯವರಿಗೆ ಅವರ ಮೈಯಲ್ಲಿ ಏನಿದೆ, ಏನು ಮಾಡಬೇಕು ಅನ್ನುವುದು ಗೊತ್ತಿರಬೇಕಲ್ಲ? ಹಾಗಾಗಿ ಅವರನ್ನು ಇದನ್ನೇ ಕೇಳಿ: ಈ ಔಷಧ ಎಷ್ಟು ದಿನ ಮೈಯಲ್ಲಿರುತ್ತದೆ, ರಕ್ತಸ್ರಾವ ಆದರೆ ಏನು ಕೊಡುತ್ತೀರಿ, ನಡುರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಎತ್ತುವವರು ಡಾಕ್ಟರಾ ಅಥವಾ ಸೆಕ್ಯೂರಿಟಿಯಾ. ಕೊನೆಯದ್ದು ತಮಾಷೆಗೆ ಹೇಳಿದ್ದಲ್ಲ.

ಇನ್ನೊಂದು. "ಸಹಿ ಹಾಕಬಹುದಾ" ಅಂತ ಕೇಳಿದ್ದೀರಿ. ನೀವು ಹಾಕುವ ಹಾಗಿಲ್ಲ, ಅಣ್ಣನೂ ಹಾಕುವ ಹಾಗಿಲ್ಲ. ಅಮ್ಮನಿಗೆ ಬುದ್ಧಿ ಸ್ವಾಧೀನದಲ್ಲಿದೆ ತಾನೇ? ಹಾಗಾದರೆ ಅವರದ್ದೇ ಸಹಿ. ಓದಲು ಬರದವರಾದರೆ ಟ್ರಯಲ್‌ಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿಯ ಮುಂದೆ ಪೂರ್ತಿ ಓದಿ ಹೇಳಬೇಕು. ನಿಮ್ಮ ಪೋಸ್ಟಿನಲ್ಲಿ ಅಪ್ಪ ಏನಂದರು, ಅಣ್ಣ ಏನಂದ ಎಲ್ಲ ಇದೆ. ಅಮ್ಮ ಏನಂದರು?

---

ತುಂಗೆ_ದಡ

ಇಷ್ಟೆಲ್ಲ ಬರೆದಿದ್ದೀರಿ, ಸರಿ ಮಾರಾಯರೆ. ಆದರೆ ನಮ್ಮ ಮಾವನಿಗೆ ಮಂಡಿ ಬದಲಿಸಿದಾಗ ಬರೀ ಆಸ್ಪಿರಿನ್ ಕೊಟ್ಟು ಕಳಿಸಿದರು. ಒಂದು ಸ್ಟ್ರಿಪ್ಪಿಗೆ ಎಷ್ಟಾದೀತು? ಏನೂ ಆಗಲಿಲ್ಲ, ಈಗ ತೋಟಕ್ಕೂ ಹೋಗುತ್ತಾರೆ. ಅಷ್ಟು ಅಗ್ಗದಲ್ಲಿ ಮುಗಿಯುವುದಾದರೆ ಈ ಇಂಜೆಕ್ಷನ್, ಡ್ರಿಪ್ ಎಲ್ಲ ಕಂಪನಿಯವರ ಆಟ ಅಲ್ದೆ ಇನ್ನೇನು?

---

ಮೂಳೆ_ಪಿಜಿ

ತುಂಗೆ_ದಡ ಅವರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ. ನಾನು ಆರ್ಥೋ ಪಿಜಿ ಮಾಡುತ್ತಿದ್ದೇನೆ. ಇದರ ಬಗ್ಗೆ ನಮ್ಮಲ್ಲೇ ದಿನಾ ಜಗಳ.

ಆಸ್ಪಿರಿನ್ ಸಾಕು ಅನ್ನುವವರು ಕೆನಡಾದಲ್ಲಿ ನಡೆದ ಟ್ರಯಲ್ ಒಂದನ್ನು ತೋರಿಸುತ್ತಾರೆ. 2018ರಲ್ಲಿ ಬಂದದ್ದು, 3424 ಜನ, ಮಂಡಿ ಮತ್ತು ಸೊಂಟದ ಕೀಲು ಬದಲಿಸಿದವರು. ಆದರೆ ಅಲ್ಲಿ ಮೊದಲ ಐದು ದಿನ ಎಲ್ಲರಿಗೂ ರಿವರೊಕ್ಸಬ್ಯಾನ್ ಕೊಟ್ಟರು. ಆಮೇಲೆ ಅರ್ಧ ಜನರಿಗೆ ಆಸ್ಪಿರಿನ್, ಅರ್ಧ ಜನರಿಗೆ ಅದೇ ಮಾತ್ರೆ ಮುಂದುವರಿಸಿದರು. ತೊಂದರೆ ಕೊಡುವ ಗಡ್ಡೆ ಎರಡೂ ಕಡೆ 100ಕ್ಕೆ ಒಂದಕ್ಕಿಂತ ಕಮ್ಮಿ, ವ್ಯತ್ಯಾಸವೇ ಇಲ್ಲ. ಆ ಮೊದಲ ಐದು ದಿನದ ವಿಷಯವನ್ನು ಮಾತ್ರ ಎಲ್ಲರೂ ಮರೆತುಬಿಡುತ್ತಾರೆ.

ಆಸ್ಪಿರಿನ್ ಸಾಲದು ಅನ್ನುವವರು ಆಸ್ಟ್ರೇಲಿಯಾದ ಕ್ರಿಸ್ಟಲ್ ಅನ್ನುವ ಟ್ರಯಲ್ ತೋರಿಸುತ್ತಾರೆ, 2022ರದ್ದು. ನನಗೆ ಇದೇ ಇಷ್ಟ. ಅಲ್ಲಿ ಚೀಟಿ ಎತ್ತಿದ್ದು ಪೇಷಂಟ್‌ಗಳಿಗಲ್ಲ, ಆಸ್ಪತ್ರೆಗಳಿಗೆ. 31 ಆಸ್ಪತ್ರೆ. ಈ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಎಲ್ಲರಿಗೂ ಆಸ್ಪಿರಿನ್, ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಎನಾಕ್ಸಪ್ಯಾರಿನ್, ಆಮೇಲೆ ಅದಲು ಬದಲು. 9711 ಜನ ಸೇರಿದರು. ಯಾರ ಕಾಲಿಗೂ ಬಣ್ಣ ಬಿಟ್ಟು ಹುಡುಕಲಿಲ್ಲ. ಮೂರು ತಿಂಗಳಲ್ಲಿ ನಿಜವಾಗಿ ತೊಂದರೆ ಆಗಿ ಬಂದವರನ್ನು ಮಾತ್ರ ಎಣಿಸಿದರು. ಆಸ್ಪಿರಿನ್‌ನವರಲ್ಲಿ 3.45 ಶೇಕಡಾ, ಎನಾಕ್ಸಪ್ಯಾರಿನ್‌ನವರಲ್ಲಿ 1.82 ಶೇಕಡಾ. ವ್ಯತ್ಯಾಸದಲ್ಲಿ ದೊಡ್ಡ ಪಾಲು ಮಂಡಿಯ ಕೆಳಗಿನ ಗಡ್ಡೆಗಳದ್ದು, ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋಡಿ, ಇಲ್ಲಿ ಆಸ್ಪಿರಿನ್ ಸೋತದ್ದು ಹೌದು. ಆದರೂ ಆಸ್ಪಿರಿನ್ ತಗೊಂಡ 100 ಜನರಲ್ಲಿ 96 ಜನರಿಗೆ ಏನೂ ಆಗಲಿಲ್ಲ. ನಿಮ್ಮ ಮಾವ ಆ 96ರಲ್ಲಿ ಒಬ್ಬರು. ಸಂತೋಷ. ಆದರೆ ಅವರೊಬ್ಬರನ್ನು ನೋಡಿ ಔಷಧ ತೀರ್ಮಾನ ಮಾಡಲು ಬರುವುದಿಲ್ಲ, ಇನ್ನೊಬ್ಬರ ಅತ್ತೆಗೆ ಶ್ವಾಸಕೋಶಕ್ಕೆ ಗಡ್ಡೆ ಹೋಗಿದ್ದರೆ ಅವರು ನಿಮಗೆ ತದ್ವಿರುದ್ಧ ಹೇಳುತ್ತಿದ್ದರು.

ಮತ್ತೆ ಒಂದು ವಿಷಯ ಗಮನಿಸಿ, ಈ ಎರಡು ಟ್ರಯಲ್‌ನಲ್ಲೂ ಔಷಧ ಯಾವುದೂ ಹೊಸದಲ್ಲ. ಆಸ್ಪಿರಿನ್ ಮಾರಿ ಯಾರೂ ದೊಡ್ಡವರಾಗುವುದಿಲ್ಲ. ಆದರೂ ಸಾವಿರಾರು ಜನ ಸಹಿ ಹಾಕಿದ್ದರಿಂದಲೇ ನಾವು ಇವತ್ತು ನಿಮ್ಮ ಮಾವನಂಥವರಿಗೆ ಧೈರ್ಯವಾಗಿ ಮಾತ್ರೆ ಬರೆಯುವುದು. ಎಲ್ಲ ಟ್ರಯಲ್ಲೂ ಕಂಪನಿ ಆಟ ಅಲ್ಲ. ಕೆಲವು ಹೌದು, ಅದನ್ನೂ ಒಪ್ಪುತ್ತೇನೆ.

---

ನಗರ_ಹೋಬಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊಪ್ಪದ_ಕಾಫಿ ಅವರು ಕೇಳಿದ ಪ್ರಶ್ನೆ ಓದಿ ಅಮ್ಮನನ್ನೇ ಕೂರಿಸಿಕೊಂಡು ಕಾಗದ ಓದಿ ಹೇಳಿದೆ. ಮಧ್ಯೆ ಮಧ್ಯೆ ಅಪ್ಪ ಬಾಯಿ ಹಾಕಿದಾಗ "ನೀವು ಸುಮ್ನಿರಿ, ಕಾಲು ನಂದು" ಅಂದರು. ಫ್ಯಾಕ್ಟರ್ 11 ಅಂತಲೇ ಇದೆ. ಅಮ್ಮನಿಗೆ ಸೂಜಿಯ ಭಯ ಇಲ್ಲ, ಅವರ ಚಿಂತೆ ಬೇರೆ. ಆಪರೇಷನ್ ಆಗಿ ಮನೆಗೆ ಬರುವ ಹೊತ್ತಿಗೆ ಜನವರಿ. ನಮ್ಮ ಕಡೆ ಮಂಗನ ಕಾಯಿಲೆ ಶುರುವಾಗುವ ಕಾಲ. ಅವರು ಕಾಡಿಗೆ ಹೋಗುವುದಿಲ್ಲ, ಆದರೆ ದರಗು (ಒಣಗಿದ ಎಲೆ), ಸೊಪ್ಪು ಮನೆಗೆ ಬರುತ್ತದೆ, ದನ ಬರುತ್ತವೆ, ಕಾಯಿಲೆ ಹರಡುವ ಉಣುಗು ಅವುಗಳ ಜೊತೆಗೇ ಬರಬಹುದು. ಆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ಮೂಗು, ವಸಡಿನಲ್ಲಿ ರಕ್ತ ಬರುತ್ತದೆ. ಒಂದು ತಿಂಗಳು ಮೈಯಲ್ಲಿ ಇರುವ ಔಷಧ ಹಾಕಿಸಿಕೊಂಡ ಮೇಲೆ ಆ ಜ್ವರ ಬಂದರೆ? ಇದನ್ನು ಕೇಳಿದ್ದು ಅಮ್ಮ, ನಾನಲ್ಲ. ಕಾಗದದಲ್ಲಿ ಇದಕ್ಕೆ ಉತ್ತರ ಇಲ್ಲ.

---

ಕೊಪ್ಪದ_ಕಾಫಿ

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಈ ಪ್ರಶ್ನೆ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಟ್ರಯಲ್‌ಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ, ಯಾರೂ ಕೇಳಿರಲಿಕ್ಕಿಲ್ಲ. ಅಲ್ಲಿ ಕೂರುವವರಿಗೆ ಮಲೆನಾಡಿನ ಜನವರಿ ಗೊತ್ತಿರಬೇಕಲ್ಲ.

ಟ್ರಯಲ್‌ಗೆ ಯಾರನ್ನು ಸೇರಿಸಬಾರದು ಅಂತ ಒಂದು ಪಟ್ಟಿ ಇರುತ್ತದೆ. ಪ್ಲೇಟ್‌ಲೆಟ್ ಕಮ್ಮಿ ಇರುವವರು, ಮೊದಲು ದೊಡ್ಡ ರಕ್ತಸ್ರಾವ ಆದವರು, ಮೂತ್ರಪಿಂಡ ಸೋತವರು, ಇಂಥವರನ್ನು ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಅದು ಸೇರುವ ದಿನದ ಲೆಕ್ಕ. ಆಮೇಲೆ ಜ್ವರ ಬಂದರೆ ಏನು ಅನ್ನುವುದನ್ನು ಅಮ್ಮನೇ ಮುಖ್ಯ ಡಾಕ್ಟರನ್ನು ನೇರವಾಗಿ ಕೇಳಲಿ, ಉತ್ತರವನ್ನು ಬರೆದು ಕೊಡಲು ಹೇಳಿ. ಬರೆದು ಕೊಡದಿದ್ದರೆ ನಾನಾಗಿದ್ದರೆ ಸೇರುತ್ತಿರಲಿಲ್ಲ. ಮಾಮೂಲಿ ಇಂಜೆಕ್ಷನ್ ತಗೊಂಡರೂ ಜ್ವರ ಬಂದ ದಿನವೇ ಫೋನ್ ಮಾಡಬೇಕು ಅನ್ನುವುದು ಬದಲಾಗುವುದಿಲ್ಲ, ಆದರೆ ಅದನ್ನು ಅವತ್ತೇ ನಿಲ್ಲಿಸಬಹುದು. ನನ್ನ ಪ್ರಕಾರ ನಿಮ್ಮೂರಿನವರಿಗೆ ತೂಗಿ ನೋಡಬೇಕಾದ್ದು ಇದೊಂದೇ. 22, 4, 8 ಅನ್ನುವ ಲೆಕ್ಕ ಅಲ್ಲ.

ತುಂಗೆ_ದಡ ಅವರಿಗೆ ಒಂದು ಮಾತು. ಇಲಿ ಅನ್ನುವ ಮಾತೇ ಸರಿ ಅನ್ನುತ್ತೀರಿ, ಆದರೆ ಮಂಗನ ಕಾಯಿಲೆಯ ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದು ನಿಮಗೂ ಗೊತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆಗೆ ಇನ್ನೂ ಒಳ್ಳೆಯ ಲಸಿಕೆಗೆ ಕಾಯುತ್ತಾ ಕೂತಿದ್ದೇವೆ. ಹೊಸದು ಬಂದರೆ ಮೊದಲು ಯಾರಾದರೂ ಕೈ ಚಾಚಲೇಬೇಕು. ಬೇರೆಯವರು ಚಾಚಲಿ, ನಾವು ಆಮೇಲೆ ಹಾಕಿಸಿಕೊಳ್ಳುತ್ತೇವೆ ಅನ್ನುವುದು ಯಾವ ನ್ಯಾಯ?

ಮತ್ತೆ ದುಡ್ಡಿನ ವಿಷಯ. ನಮ್ಮ ದೇಶದ 2019ರ ಕ್ಲಿನಿಕಲ್ ಟ್ರಯಲ್ ನಿಯಮದ ಪ್ರಕಾರ ಟ್ರಯಲ್‌ನಿಂದ ಅಪಾಯ ಆದರೆ ಚಿಕಿತ್ಸೆ ಉಚಿತ, ಪರಿಹಾರವೂ ಕೊಡಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕೆ ಕಾರಣ ಹೇಳಬೇಕಾಗಿಲ್ಲ, ಆಪರೇಷನ್ ಮಾಡಿದ ಡಾಕ್ಟರು ಮುಖ ತಿರುಗಿಸುವ ಹಾಗೂ ಇಲ್ಲ. ಕಾಗದದ ಮೇಲೆ ಸಿಟಿಆರ್‌ಐ (ಭಾರತದಲ್ಲಿ ನಡೆಯುವ ಟ್ರಯಲ್‌ಗಳ ನೋಂದಣಿ ಪಟ್ಟಿ) ಅಂತ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಸಿಟಿಆರ್‌ಐ ವೆಬ್‌ಸೈಟಿನಲ್ಲಿ ಹಾಕಿದರೆ ಎಲ್ಲೆಲ್ಲಿ ನಡೆಯುತ್ತಿದೆ, ಯಾರು ನಡೆಸುತ್ತಿದ್ದಾರೆ, ಎಷ್ಟು ಜನ ಅಂತ ಯಾರು ಬೇಕಾದರೂ ನೋಡಬಹುದು. ಸಂಖ್ಯೆ ಇಲ್ಲದಿದ್ದರೆ ಕಾಗದ ಮಡಚಿ ವಾಪಸ್ ಕೊಡಿ.

---

ತುಂಗೆ_ದಡ

ಲಸಿಕೆಯ ಮಾತು ಒಪ್ಪಿದೆ. ಉಳಿದದ್ದು ಇಲ್ಲ. ಹತ್ತನೇ ದಿನ ಆ ಕಾಲು ಇಟ್ಟುಕೊಂಡು ಮತ್ತೆ ಹುಲಿಕಲ್ ಘಾಟಿ ಇಳಿದು ಹತ್ತಬೇಕಲ್ಲ, ಕಾರಿನ ಬಾಡಿಗೆ ಯಾರು ಕೊಡುತ್ತಾರೆ?

---

ನಗರ_ಹೋಬಳಿ

ಅದನ್ನೂ ಕೇಳಿದೆವು. ಇವತ್ತು ಫೋನ್ ಮಾಡಿದಾಗ ಸ್ಪೀಕರ್ ಹಾಕಿ ಅಮ್ಮನೇ ಮಾತಾಡಿದರು. ಬಾಡಿಗೆ ಕೊಡುತ್ತಾರಂತೆ, ಬೇಕಾದರೆ ಹತ್ತನೇ ದಿನದ ತನಕ ಅಲ್ಲೇ ಇರಬಹುದಂತೆ. ವೆನೋಗ್ರಾಮ್‌ನಲ್ಲಿ ಗಡ್ಡೆ ಕಂಡರೆ ನಮಗೆ ಹೇಳಿ ಚಿಕಿತ್ಸೆ ಶುರು ಮಾಡುತ್ತಾರೆ, ಖರ್ಚು ಅವರದ್ದು. ಮಂಗನ ಕಾಯಿಲೆಯ ಪ್ರಶ್ನೆಗೆ ಮಾತ್ರ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮುಖ್ಯ ಡಾಕ್ಟರನ್ನು ಕೇಳಿ ಬರೆದು ಕಳಿಸುತ್ತೇವೆ ಅಂದರು. ಆ ಉತ್ತರ ನೋಡಿ ತೀರ್ಮಾನ ಅಂತ ಅಮ್ಮ ಹೇಳಿದ್ದಾರೆ. ಉತ್ತರ ಬರದಿದ್ದರೆ ಮಾಮೂಲಿ ಇಂಜೆಕ್ಷನ್, ನಾನೇ ಕೊಡುತ್ತೇನೆ. ಮೂತ್ರಪಿಂಡದ ರಕ್ತ ಪರೀಕ್ಷೆಗೂ ಬರೆದಿದ್ದಾರೆ, ನಾಳೆ ಹೊಸನಗರದಲ್ಲೇ ಕೊಡುತ್ತೇವೆ.

ಸಿಸ್ಟರ್, ಒಂದು ಕೇಳಬೇಕಿತ್ತು. ಮನೆಯಲ್ಲಿ ಇರುವಾಗ ಯಾವುದು ಸಾಮಾನ್ಯ ಊತ, ಯಾವುದು ಗಡ್ಡೆ ಅಂತ ಹೇಗೆ ಗೊತ್ತಾಗುತ್ತದೆ?

---

ಸಿಸ್ಟರ್_ಸಾಗರ

ಆಪರೇಷನ್ ಆದ ಕಾಲು ಹೇಗೂ ಊದಿರುತ್ತದೆ ಮಗಾ, ಅದಕ್ಕೆ ಹೆದರಬೇಡ. ರಾತ್ರಿ ಕಾಲು ಎತ್ತರಕ್ಕಿಟ್ಟು ಮಲಗಿದರೆ ಬೆಳಗ್ಗೆ ಇಳಿಯುವ ಊತ ಸಾಮಾನ್ಯ. ಇಳಿಯದೆ ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದ್ದರೆ, ಮೀನಖಂಡ ಗಟ್ಟಿಯಾಗಿ ಬಿಸಿಯಾಗಿ ಮುಟ್ಟಿದರೆ ನೋಯುತ್ತಿದ್ದರೆ ಅದೇ ದಿನ ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್) ಮಾಡಿಸಬೇಕು. ಒಂದು ಟೇಪ್ ತಗೊಂಡು ಎರಡೂ ಮೀನಖಂಡದ ಸುತ್ತಳತೆ ದಿನಾ ಒಂದೇ ಜಾಗದಲ್ಲಿ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡು. ಫೋನಿನಲ್ಲಿ ಡಾಕ್ಟರಿಗೆ ಹೇಳಲು ಅನುಕೂಲ. ಗಡ್ಡೆ ಕೆಲವೊಮ್ಮೆ ಊತ ನೋವು ಏನೂ ತೋರಿಸದೆಯೂ ಇರುತ್ತದೆ, ಹಾಗಾಗಿ ಇಂಜೆಕ್ಷನ್ ಒಂದು ದಿನವೂ ತಪ್ಪಿಸಬೇಡ.

ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ತಲೆ ಸುತ್ತಿ ಬಿದ್ದರೆ ಯಾರನ್ನೂ ಕೇಳುತ್ತಾ ಕೂರಬೇಡ. 108ಕ್ಕೆ ಫೋನ್ ಮಾಡು. ಘಾಟಿ ಇಳಿದು ಆ ಆಸ್ಪತ್ರೆಗೇ ಹೋಗಬೇಕು ಅಂತ ಹಟ ಬೇಡ, ಹತ್ತಿರ ಯಾವುದಿದೆಯೋ ಅಲ್ಲಿಗೆ. ಟ್ರಯಲ್ ಸೇರಿದ್ದರೆ ಅವರು ಒಂದು ಕಾರ್ಡ್ ಕೊಡುತ್ತಾರೆ, ಅದನ್ನು ಅಮ್ಮನ ಆಧಾರ್ ಜೊತೆ ಒಂದೇ ಕವರಿನಲ್ಲಿ ಇಡು.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಆಗಿದ್ದರೆ ವೆನೋಗ್ರಾಮ್‌ಗೆ ಮೊದಲೇ ಅವರಿಗೆ ಹೇಳು. ಬಣ್ಣದ ಔಷಧ ಬಿಡುವ ಮುಂಚೆ ಅದು ಗೊತ್ತಿರಬೇಕು. ಮತ್ತೆ ಅಮ್ಮ ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳ ಹೆಸರೂ ಬರೆದುಕೊಂಡು ಹೋಗು, ಡೈಕ್ಲೋಫೆನಾಕ್ ಥರದ್ದು. ರಕ್ತ ತೆಳು ಮಾಡುವ ಔಷಧದ ಜೊತೆ ಅವು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ನೋವು ತಡೆಯಲಾಗದೆ ಕದ್ದು ನುಂಗುವವರು ಇದ್ದಾರೆ, ಡಬ್ಬಿ ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೋ.